ಮೂರು ಮನೆಯ ಬುದ್ಧಿವಂತ

ಎಡದಿಂದ ಬಲಕ್ಕೆ ಏಳನೆಯ ಪದ. ಮನೆಗಳು ಮೂರು. ಸುಳುಹು: ‘ಬುದ್ಧಿವಂತ’.

ಪತ್ರಿಕೆಯ ಪದಬಂಧವನ್ನು ಮುಂದಿಟ್ಟುಕೊಂಡು ಕುಳಿತವನಿಗೆ ಇದಕ್ಕಿಂತ ಸುಲಭವಾದ ಸುಳುಹು ಬೇರೊಂದಿಲ್ಲವೆಂದು ತೋರುತ್ತದೆ. ಪೆನ್ಸಿಲು ತಾನಾಗಿಯೇ ‘ಚತುರ’ ಎಂದು ಬರೆದುಬಿಡುತ್ತದೆ. ಬರೆದ ಮೇಲೆ ಅನುಮಾನ ಹುಟ್ಟುತ್ತದೆ. ‘ನಿಪುಣ’ ಏಕಾಗಬಾರದು? ‘ಪಂಡಿತ’ನೇನು ಕಡಮೆಯವನೆ? ಬೆರಳು ಮಡಿಸುತ್ತ ಹೋದಂತೆ ಕುಶಲ, ಪ್ರವೀಣ, ಕೋವಿದ, ವಿದಗ್ಧ, ನಿಷ್ಣಾತ, ಮೇಧಾವಿ, ಧೀಮಂತ, ಚಾಣಾಕ್ಷ, ಮನೀಷಿ—ಎಲ್ಲರೂ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಬಂದ ನೆಂಟರು ಹನ್ನೆರಡು ಮಂದಿ. ಇರುವುದು ಮೂರಂಕಣದ ಒಂದೇ ಮನೆ.

ಅಡ್ಡ ಹಾಯುವ ಪದಗಳು ನೆರವಿಗೆ ಬರುವುದುಂಟು. ಕೊನೆಯ ಮನೆಯಲ್ಲಿ ‘ಣ’ ಎಂದು ಗೊತ್ತಾದರೆ ಹತ್ತು ಮಂದಿ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಾರೆ. ಆದರೆ ನಿಪುಣನೂ ಪ್ರವೀಣನೂ ಜಗಲಿಯನ್ನು ಬಿಟ್ಟು ಏಳುವುದಿಲ್ಲ. ‘ತ’ ಎಂದಾದರೆ ಪಂಡಿತ, ನಿಷ್ಣಾತ, ಧೀಮಂತ ಮೂವರೂ ಉಳಿದರು. ಮೊದಲ ಮನೆಯಲ್ಲಿ ‘ನಿ’ ಸಿಕ್ಕಿತೆನ್ನೋಣ. ಆಗ ನಿಪುಣನಿಗೂ ನಿಷ್ಣಾತನಿಗೂ ವ್ಯಾಜ್ಯ. ಕೊನೆಗೆ ಕಣ್ಣು ಮುಚ್ಚಿ ಒಬ್ಬನನ್ನು ಒಳಕ್ಕೆ ಕರೆದು, ಉತ್ತರ ಅಚ್ಚಾದ ದಿನ ಅದು ಸರಿಯಾಗಿದ್ದರೆ ಜಾಣನೆಂದು ಹಿಗ್ಗುವುದು, ತಪ್ಪಾಗಿದ್ದರೆ ದಡ್ಡನೆಂದು ಕುಗ್ಗುವುದು. ಹಿಗ್ಗಿದವನ ಜಾಣತನ ಎಷ್ಟು, ಅದೃಷ್ಟ ಎಷ್ಟು?

ಇದು ಹರಟೆಯ ಕಟ್ಟೆಯ ಪ್ರಶ್ನೆಯೆಂದು ನಗುವಂತಿಲ್ಲ. 1957ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಹೆಚ್ಚುಕಡಮೆ ಇದೇ ಪ್ರಶ್ನೆಯನ್ನು ಎತ್ತಿಕೊಂಡು ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಬೇರು ಇದ್ದುದು ಬೆಂಗಳೂರಿನಲ್ಲಿ. ಆ ಕಥೆಗೆ ಹೋಗುವ ಮುನ್ನ, ಬಾಗಿಲಲ್ಲಿ ನಿಂತಿರುವ ಈ ನೆಂಟರ ಕುಲಗೋತ್ರವನ್ನು ಸ್ವಲ್ಪ ವಿಚಾರಿಸಬೇಕು.

ನೆಂಟರ ಕುಲಗೋತ್ರ

ಸಂಸ್ಕೃತದ ನಾಮಲಿಂಗಾನುಶಾಸನ, ಎಂದರೆ ಎಲ್ಲರೂ ಅಮರಕೋಶವೆಂದು ಕರೆಯುವ ನಿಘಂಟು, ವಿದ್ವಾಂಸನಿಗೆ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳನ್ನು ಕೊಡುತ್ತದೆ. ಹಿಂದಿನ ಕಾಲದ ಹುಡುಗರು ಬೆಳಗಿನ ಜಾವ ಎದ್ದು ಅವನ್ನು ಬಾಯಿಪಾಠ ಮಾಡುತ್ತಿದ್ದರು. ಬಾಯಿಪಾಠವಾದ ಪದಗಳ ಒಳಹೊಕ್ಕು ನೋಡುವವರು ಕಡಮೆ. ನೋಡಿದರೆ, ಪ್ರತಿಯೊಂದು ಪದವೂ ತಾನೇ ಒಂದು ಒಗಟು.

‘ದೋಷಜ್ಞ’ನೆಂದರೆ ಪಂಡಿತ. ದೋಷವನ್ನು ಬಲ್ಲವನು ಪಂಡಿತನಾಗುವುದು ಹೇಗೆಂದು ಯಾವ ಪಂಡಿತನ ಶಿಷ್ಯನನ್ನು ಕೇಳಿದರೂ ಹೇಳಿಯಾನು. ಅದೇ ಪದ ವೈದ್ಯನಿಗೂ ಸಲ್ಲುತ್ತದೆ. ಅವನು ಬಲ್ಲ ದೋಷಗಳು ವಾತ, ಪಿತ್ತ, ಕಫ. ‘ಲಬ್ಧವರ್ಣ’ ಎಂದರೆ ಅಕ್ಷರಗಳನ್ನು ಪಡೆದವನು. ಖಾಲಿ ಮನೆಗಳಿಗೆ ಅಕ್ಷರ ಹುಡುಕುವವನಿಗೆ ಇದಕ್ಕಿಂತ ಒಪ್ಪುವ ಬಿರುದು ಯಾವುದು? ‘ಸಂಖ್ಯಾವಾನ್’ ಎಂಬುದೂ ವಿದ್ವಾಂಸನ ಹೆಸರೇ; ಲೆಕ್ಕದ ಗುಮಾಸ್ತರು ಇದನ್ನು ಕೇಳಿ ಸಂತೋಷಪಡಬಹುದು. ‘ಕೃಷ್ಟಿ’ ಎಂಬ ಪದ ಉಳುಮೆಯ ಧಾತುವಿನಿಂದ ಬಂದದ್ದು. ‘ಧೀರ’ನನ್ನು ಕನ್ನಡಿಗರು ಕತ್ತಿ ಕೊಟ್ಟು ರಣರಂಗಕ್ಕೆ ಕಳಿಸಿಬಿಟ್ಟಿದ್ದಾರೆ, ಅಮರಸಿಂಹನ ಪಟ್ಟಿಯಲ್ಲಿ ಅವನು ಕುಳಿತಿರುವುದು ಪಂಡಿತರ ಪಂಕ್ತಿಯಲ್ಲಿ.

ಈ ಪಟ್ಟಿಯಾಚೆಗೂ ಸೊಗಸು ಮುಗಿಯುವುದಿಲ್ಲ. ‘ನಿಷ್ಣಾತ’ನೆಂದರೆ ಚೆನ್ನಾಗಿ ಸ್ನಾನ ಮಾಡಿದವನು, ವಿದ್ಯೆಯ ಮಡುವಿನಲ್ಲಿ ಮುಳುಗಿ ಎದ್ದವನೆಂದು ಅರ್ಥ. ಸ್ನಾನವೂ ಕೌಶಲವೂ ಒಂದೆಡೆ ಸೇರಿದಾಗ ಅಕ್ಷರ ಹೇಗೆ ಬದಲಾಗಬೇಕೆಂದು ಪಾಣಿನಿ ಒಂದು ಸೂತ್ರವನ್ನೇ ಕಟ್ಟಿದ. ‘ಪಾರಂಗತ’ ಮುಳುಗಲಿಲ್ಲ, ಈಜಿ ಆಚೆಯ ದಡ ಸೇರಿದ. ‘ಪ್ರವೀಣ’ನ ಕೈಯಲ್ಲಿ ವೀಣೆಯಿದೆ. ‘ಕುಶಲ’ನ ಕೈಯಲ್ಲಿ ದರ್ಭೆ: ಕುಶವನ್ನು ಬೆರಳು ಕೊಯ್ದುಕೊಳ್ಳದೆ ಕಿತ್ತು ತರಬಲ್ಲವನು ಕುಶಲನೆಂದು ಹಿಂದಿನವರು ನಿಷ್ಪತ್ತಿ ಹೇಳುತ್ತಾರೆ. ಮೂಲಾರ್ಥ ಮರೆತುಹೋಗಿ ರೂಢಿಯ ಅರ್ಥವೇ ನಿಂತುಬಿಡುವುದಕ್ಕೆ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಈ ಪದವನ್ನೇ ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ.

ಎಲ್ಲಕ್ಕಿಂತ ವಿಚಿತ್ರವಾದುದು ‘ವಿದಗ್ಧ’. ದಗ್ಧ ಎಂದರೆ ಸುಟ್ಟದ್ದು. ಚೆನ್ನಾಗಿ ಬೆಂದವನು ವಿದಗ್ಧ. ರಸಿಕ, ಮಾತಿನ ಮರ್ಮ ಬಲ್ಲವನು. ಆದರೆ ಆಯುರ್ವೇದದ ವೈದ್ಯರ ಬಳಿ ಹೋಗಿ ವಿದಗ್ಧವೆಂದರೆ ಅವರು ಹೊಟ್ಟೆಯನ್ನು ಮುಟ್ಟಿ ನೋಡಿಯಾರು. ಪಿತ್ತ ಕೆರಳಿ ಅನ್ನ ಹುಳಿಯಾಗಿ ಅರೆಬರೆ ಬೆಂದ ಅಜೀರ್ಣಕ್ಕೂ ಅವರಲ್ಲಿ ಅದೇ ಹೆಸರು. ಓದಿದ್ದು ಜೀರ್ಣವಾದವನಿಗೂ ಉಂಡದ್ದು ಜೀರ್ಣವಾಗದವನಿಗೂ ಒಂದೇ ಪದ! ಪದಬಂಧ ರಚಿಸುವವನ ಬಾಯಲ್ಲಿ ನೀರೂರಿದರೆ ಆಶ್ಚರ್ಯವೇನು?

ಊರಿನ ಮಾತು

ಇವೆಲ್ಲ ಪಂಡಿತರ ಮನೆಯ ಪದಗಳಾದುವು. ಬೀದಿಯಲ್ಲಿ ಓಡಾಡುವ ಪದ ‘ಜಾಣ’. ಸಂಸ್ಕೃತದ ಜ್ಞಾನವೆಂಬ ಬಳಗದ್ದೇ ಆದರೂ ಪ್ರಾಕೃತದ ಹಾದಿಯಲ್ಲಿ ನಡೆದು ಸವೆದು ನಯವಾದ ಪದ ಇದು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ತನ್ನ ಪರೀಕ್ಷೆಗಳಿಗೆ ಪ್ರವೇಶ, ಕಾವ, ಜಾಣ, ರತ್ನ ಎಂದು ಹೆಸರಿಟ್ಟಿತು. ಜಾಣನೆಂದು ಅಚ್ಚಾದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವ ಭಾಗ್ಯ ಕನ್ನಡಿಗರಿಗಲ್ಲದೆ ಇನ್ನಾರಿಗೆ ಉಂಟು?

ಆದರೆ ಪರಿಷತ್ತು ಕೊಟ್ಟ ಗೌರವವನ್ನು ಆಡುಮಾತು ಅಷ್ಟು ಸುಲಭವಾಗಿ ಒಪ್ಪಿಕೊಂಡಿಲ್ಲ. ಸಾಲ ಕೇಳಿದಾಗ ಮಾತ್ರ ಕೇಳಿಸದ ಕಿವಿಗೆ ಜಾಣಕಿವುಡು. ಕೊಟ್ಟ ಮಾತು ಮಾತ್ರ ನೆನಪಿಗೆ ಬಾರದಿದ್ದರೆ ಜಾಣಮರೆವು. ಕಣ್ಣೆದುರಿನ ಅನ್ಯಾಯ ಕಾಣದಿದ್ದರೆ ಜಾಣಕುರುಡು. ಕಿವಿಗೋ ಕಣ್ಣಿಗೋ ಜಾಣತನ ಅಂಟಿಕೊಂಡರೆ ಅದು ಕೆಟ್ಟಿತೆಂದೇ ಲೆಕ್ಕ! ಜನರು ಬುದ್ಧಿಯನ್ನು ಮೆಚ್ಚುತ್ತಾರೆ. ಬುದ್ಧಿವಂತನನ್ನು ಮಾತ್ರ ಸ್ವಲ್ಪ ದೂರದಲ್ಲಿ ನಿಲ್ಲಿಸಿ ನೋಡುತ್ತಾರೆ. ‘ಅತಿಬುದ್ಧಿವಂತ’ ಎಂಬುದು ಹೊಗಳಿಕೆಯಲ್ಲ. ‘ದೊಡ್ಡ ಬೃಹಸ್ಪತಿ ಬಂದ’ ಎಂದರೆ ದೇವಗುರು ಬಂದನೆಂದು ಯಾರೂ ಎದ್ದು ನಿಲ್ಲುವುದಿಲ್ಲ. ಪಂಡಿತನಿಗೆ ಒಂದು ಅಳಲೆಕಾಯಿ ಕಟ್ಟಿದರೆ ಸಾಕು, ಅವನ ವೈದ್ಯ ಹಾಳಾಯಿತು. ಧಾರವಾಡದ ಕಡೆಯ ತಾಯಿ ಮಗನಿಗೆ ‘ಶಾಣ್ಯಾ’ ಎಂದರೆ ಮುದ್ದು; ‘ಭಾಳ ಶಾಣ್ಯಾ ಆಗಬ್ಯಾಡ’ ಎಂದರೆ ಪೆಟ್ಟು ಸಮೀಪಿಸಿತೆಂದು ತಿಳಿಯಬೇಕು. ಬುದ್ಧಿಯಿಂದ ಬದುಕುವವನೆಂಬ ಅರ್ಥದಲ್ಲಿ ರೂಢಿಗೆ ಬಂದ ‘ಬುದ್ಧಿಜೀವಿ’ಯ ಗತಿಯನ್ನಂತೂ ಕೇಳುವುದೇ ಬೇಡ, ಮೊದಲೆರಡು ಅಕ್ಷರಗಳನ್ನು ಕಿತ್ತು ಅಲ್ಲಿ ಲದ್ದಿಯನ್ನು ಇಟ್ಟು ಬೈಯುವವರು ಹುಟ್ಟಿಕೊಂಡರು. ಅದೂ ಒಂದು ಬಗೆಯ ಪದವಿನೋದವೇ, ರುಚಿಯಿಲ್ಲದ್ದು.

ಪಾರಸಿಯಿಂದ ಬಂದ ‘ಹುಷಾರು’ ಎಂಬ ಪದವೊಂದು ಉಂಟು. ಮಂಗಳೂರಿನ ಕಡೆ ‘ಹುಡುಗ ಬಹಳ ಹುಷಾರು’ ಎಂದರೆ ತರಗತಿಗೇ ಮೊದಲಿಗ. ಮೈಸೂರಿನವರಿಗೆ ಅದು ಎಚ್ಚರಿಕೆ: ಮೆಟ್ಟಿಲು ಜಾರುತ್ತದೆ, ಹುಷಾರು. ಎಲ್ಲ ಕಡೆಯೂ ‘ಹುಷಾರಿಲ್ಲ’ ಎಂದರೆ ಮೈ ಸರಿಯಿಲ್ಲವೆಂದು ಅರ್ಥ. ಬುದ್ಧಿ, ಎಚ್ಚರ, ಆರೋಗ್ಯ ಮೂರೂ ಒಂದೇ ಪದದ ಮೂರು ಮನೆಗಳಲ್ಲಿ ಬಾಡಿಗೆಗಿವೆ. ‘ಜ್ವರ ಬಂದರೆ ಇಲ್ಲವಾಗುವ ಬುದ್ಧಿವಂತ (3)’ ಎಂದು ಸುಳುಹು ಕೊಟ್ಟರೆ ಮಂಗಳೂರಿನವರು ಒಡನೆಯೇ ಬಿಡಿಸಿಯಾರು; ಬೆಂಗಳೂರಿನವರು ತಲೆ ಕೆರೆದುಕೊಂಡಾರು.

ಇಂಗ್ಲಿಷರ ಬುದ್ಧಿವಂತರೂ ಇದೇ ಗಾಣದಲ್ಲಿ ಸಿಕ್ಕಿದವರೇ. ಅಲ್ಲಿ ವಿಚಾರವಂತನಿಗೆ ‘ಎಗ್‌ಹೆಡ್’, ಎಂದರೆ ಮೊಟ್ಟೆತಲೆ, ಎಂಬ ಹೆಸರುಂಟು; 1952ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಬೋಳುತಲೆಯ ಅಡ್ಲಾಯ್ ಸ್ಟೀವನ್‌ಸನ್ನರ ಮೇಲೆ ಅದನ್ನು ಧಾರಾಳವಾಗಿ ಎಸೆದರು. ಇಪ್ಪತ್ತನೆಯ ಶತಮಾನದ ಮೇಧಾವಿಗಳಲ್ಲಿ ಮೇರುವೆನಿಸಿದ ಐನ್‌ಸ್ಟೈನರ ಹೆಸರನ್ನು ಜರ್ಮನ್ ಭಾಷೆಯಲ್ಲಿ ಎರಡಾಗಿ ಸೀಳಿದರೆ ಸಿಕ್ಕುವುದು ‘ಒಂದು ಕಲ್ಲು’. ಇಂಗ್ಲಿಷ್ ಪದಬಂಧಗಳಿಗೆ ಗುರುವೂ ಪಂಡಿತನೂ ಇಲ್ಲಿಂದಲೇ ಹೋಗಿ ಸೇರಿಕೊಂಡಿದ್ದಾರೆ. ಪಂಡಿತನಂತೂ ಅದಕ್ಕೆ ಮೊದಲೇ ಮಾರುವೇಷಕ್ಕೆ ಪಳಗಿದ್ದ. ಟಿಬೆಟ್ಟನ್ನು ಗುಟ್ಟಾಗಿ ಅಳೆಯಲು ಬ್ರಿಟಿಷರ ಸರ್ವೇ ಇಲಾಖೆ ಕಳಿಸಿದ ಕುಮಾವೂನಿನ ನೈನ್ ಸಿಂಗ್ 1866ರಲ್ಲಿ ಲ್ಹಾಸಾವನ್ನು ಮುಟ್ಟಿದ. ಕೈಯಲ್ಲಿ 108ಕ್ಕೆ ಬದಲು 100 ಮಣಿಗಳ ಜಪಮಾಲೆ, ನೂರು ಹೆಜ್ಜೆಗೊಂದು ಮಣಿ. ಇಲಾಖೆಯ ಕಾಗದಪತ್ರಗಳಲ್ಲಿ ಅವನ ಹೆಸರಿಗೆ ಬದಲಾಗಿ ಬರೆಯುತ್ತಿದ್ದುದು ‘ಪಂಡಿತ’ ಎಂದು. ಆ ಪದವೇ ಒಂದು ಸುಳುಹಾಯಿತು.

ಬೆಂಗಳೂರಿನ ಪದಬಂಧ, ದೆಹಲಿಯ ತೀರ್ಪು

ಪದಬಂಧದ ಹುಟ್ಟು ಬಹಳ ಹಳೆಯದಲ್ಲ. ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದ ಆಕಾರದ ಒಂದು ಚಿತ್ರವನ್ನು ಅಚ್ಚು ಮಾಡಿಸಿದ. ಅದೇ ಮೊದಲನೆಯದೆಂದು ಎಣಿಕೆ. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಸಮುದ್ರ ದಾಟಿ ಇಂಗ್ಲೆಂಡನ್ನು ಹಿಡಿಯಿತು. ಅಲ್ಲಿಂದ ಭಾರತಕ್ಕೆ ಬಂದಾಗ ಅದರ ಬೆನ್ನಿಗೆ ಇನ್ನೊಂದು ಗಂಟೂ ಬಂತು: ಬಹುಮಾನ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಹುಮಾನದ ಪದಬಂಧಗಳ ಹುಚ್ಚು ದೇಶದಲ್ಲಿ ಬಲವಾಗಿತ್ತು. ಪ್ರವೇಶಶುಲ್ಕ ಕಟ್ಟಿ ಚೀಟಿ ಕಳಿಸಬೇಕು. ಉತ್ತರ ಸರಿಯಾದರೆ ಹಣ. ಒಂದೇ ಪದಬಂಧಕ್ಕೆ ಒಬ್ಬನೇ ಹಲವು ಉತ್ತರಗಳನ್ನು ಹಲವು ಚೀಟಿಗಳಲ್ಲಿ ಕಳಿಸಬಹುದಿತ್ತು. ಪ್ರತಿ ಚೀಟಿಗೂ ಶುಲ್ಕ ಬೇರೆ. ಒಬ್ಬನೇ ‘ನಿಪುಣ’ನೆಂದು ಒಂದರಲ್ಲಿ, ‘ಪ್ರವೀಣ’ನೆಂದು ಇನ್ನೊಂದರಲ್ಲಿ ಬರೆದು ಎರಡಕ್ಕೂ ಹಣ ಕಟ್ಟಿದನೆನ್ನಿ. ಅಲ್ಲಿಗೆ ಪದಜ್ಞಾನ ಮುಗಿದು ಬೇರೆ ಏನೋ ಶುರುವಾಯಿತಲ್ಲವೆ?

ಇಂತಹ ಸ್ಪರ್ಧೆಗಳಲ್ಲಿ ಹೆಸರಾದದ್ದು ಆರ್.ಎಂ.ಡಿ.ಸಿ. ಪದಬಂಧ. ಅದನ್ನು ನಡೆಸುತ್ತಿದ್ದ ಸಂಸ್ಥೆ ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾದದ್ದು, ಸ್ಥಾಪಕರು ಆರ್.ಎಂ.ಡಿ. ಚಮರ್‌ಬಾಗ್‌ವಾಲಾ. ಪದಬಂಧ ಅಚ್ಚಾಗುತ್ತಿದ್ದುದು ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಇಂಗ್ಲಿಷ್ ವಾರಪತ್ರಿಕೆಯಲ್ಲಿ. ಆ ಪತ್ರಿಕೆಗೆ ಬೊಂಬಾಯಿ ಪ್ರಾಂತದಲ್ಲಿಯೂ ಬಹಳ ಓದುಗರಿದ್ದರು, ಎಂದರೆ ಬಹಳ ಚೀಟಿದಾರರಿದ್ದರು. ಬೊಂಬಾಯಿ ಸರ್ಕಾರಕ್ಕೆ 1948ರ ಒಂದು ಕಾನೂನಿತ್ತು. ಹೊರಗೆ ಅಚ್ಚಾದ ಪತ್ರಿಕೆಗಳೂ ಅದರ ಬಲೆಗೆ ಬೀಳುವಂತೆ 1952ರಲ್ಲಿ ಅದನ್ನು ತಿದ್ದಿ ತೆರಿಗೆ ಹಾಕಿತು. ಸಂಸ್ಥೆ ಹೈಕೋರ್ಟಿಗೆ ಹೋಯಿತು, ಗೆದ್ದಿತು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಪ್ರಶ್ನೆ ಇಷ್ಟೆ: ಪದಬಂಧ ಬಿಡಿಸುವುದು ಬುದ್ಧಿಯ ಕೆಲಸವೊ, ಜೂಜೊ? ಬುದ್ಧಿಯ ಕೆಲಸವಾದರೆ ಅದನ್ನು ನಡೆಸುವುದು ಒಂದು ವ್ಯಾಪಾರ. ವ್ಯಾಪಾರಕ್ಕೆ ಸಂವಿಧಾನದ ರಕ್ಷಣೆಯುಂಟು. ಜೂಜಾದರೆ ಆ ರಕ್ಷಣೆಯಿಲ್ಲ.

ನ್ಯಾಯಾಲಯ ಪದಬಂಧವನ್ನು ತೆರೆದು ನೋಡಿತು. ಸುಳುಹುಗಳಿಗೆ ಒಪ್ಪುವ ಪದ ಒಂದಕ್ಕಿಂತ ಹೆಚ್ಚು. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಸುಳುಹಿನೊಳಗೆ ಆಧಾರವಿಲ್ಲ. ಸರಿಯುತ್ತರವೆಂದರೆ ಸ್ಪರ್ಧೆ ನಡೆಸುವವರು ಮೊದಲೇ ಆರಿಸಿ ಮೊಹರು ಮಾಡಿ ಇರಿಸಿದ ಉತ್ತರ. ಚೀಟಿ ಅದಕ್ಕೆ ಹೊಂದಿದರೆ ಗೆಲುವು, ಇಲ್ಲವಾದರೆ ಸೋಲು. ಭಾಷೆಯನ್ನು ಅರೆದು ಕುಡಿದವನೂ ಮೊಹರಿನೊಳಗಣ ಉತ್ತರವನ್ನು ಹೇಗೆ ಅರಿಯಬಲ್ಲ? 1957ರ ಏಪ್ರಿಲ್ 9ರಂದು ತೀರ್ಪು ಬಂತು: ಇದು ಜೂಜಿನ ಸ್ವರೂಪದ್ದು. ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಸೂಕ್ತದ ಪ್ರಸ್ತಾಪ ಬಂತು, ಮಹಾಭಾರತದ ಪಗಡೆಯೂ ಬಂತು. ಯುಧಿಷ್ಠಿರನಷ್ಟು ಬುದ್ಧಿವಂತನೂ ಸೋತದ್ದು ಇಂತಹ ಆಟದಲ್ಲಿಯೇ ತಾನೆ?

ಅದೇ ದಿನ ಇದರ ಜೊತೆಯ ಇನ್ನೊಂದು ಮೊಕದ್ದಮೆಯಲ್ಲಿಯೂ ತೀರ್ಪಾಯಿತು. ಬಹುಮಾನಗಳ ಒಟ್ಟು ಮೊತ್ತ ತಿಂಗಳಿಗೆ 1000 ರೂಪಾಯಿ ಮೀರಬಾರದೆಂದು ಕಟ್ಟುಮಾಡಿದ್ದ 1955ರ ಕೇಂದ್ರ ಶಾಸನವನ್ನು ಅಲ್ಲಿ ಪ್ರಶ್ನಿಸಲಾಗಿತ್ತು. ನ್ಯಾಯಾಲಯ ಶಾಸನವನ್ನು ಎತ್ತಿಹಿಡಿಯಿತು, ಆದರೆ ಒಂದು ಗೆರೆ ಎಳೆದು: ಜೂಜಿನ ಸ್ವರೂಪದ ಸ್ಪರ್ಧೆಗಳಿಗಷ್ಟೆ ಅದು ಅನ್ವಯ, ಗೆಲುವು ಬಹುಮಟ್ಟಿಗೆ ಕೌಶಲವನ್ನೇ ಅವಲಂಬಿಸಿದ್ದರೆ ಅಂತಹ ಸ್ಪರ್ಧೆಗೆ ಅದರ ತಡೆಯಿಲ್ಲ. ಆ ಗೆರೆ ಮುಂದೆ ಪದಬಂಧಗಳನ್ನು ದಾಟಿ ಬಹಳ ದೂರ ಹೋಯಿತು. ಇಸ್ಪೀಟಿನ ರಮ್ಮಿಯಿಂದ ಮೊಬೈಲಿನ ಆಟಗಳ ವರೆಗೆ ಎಷ್ಟೋ ಮೊಕದ್ದಮೆಗಳಲ್ಲಿ ವಕೀಲರು ಅದನ್ನು ಎತ್ತಿ ಹಿಡಿದಿದ್ದಾರೆ.

ಪದಬಂಧದ ರಸಿಕರಿಗೆ ಇಲ್ಲೊಂದು ಬೆಲ್ಲದ ಚೂರು ಉಂಟು. ಬೆಂಗಳೂರಿನ ಪದಬಂಧದ ಮೇಲೆ ತೀರ್ಪು ಬರೆದ ಮುಖ್ಯ ನ್ಯಾಯಾಧೀಶರ ಹೆಸರು ಸುಧೀರಂಜನ ದಾಸ್. ಅಮರನ ಪಂಡಿತರ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ, ಮೊದಲ ಸಾಲಿನಲ್ಲಿಯೇ ಕುಳಿತಿದ್ದಾನೆ ‘ಸುಧೀ’!

ಸುಳುಹಿನ ನ್ಯಾಯ

ಹಾಗಾದರೆ ಆ ಗೆರೆಯ ಈಚೆಗೆ ನಿಲ್ಲುವ ಸುಳುಹು ಹೇಗಿರಬೇಕು? ಇಂಗ್ಲೆಂಡಿನಲ್ಲಿ 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ರಚಿಸುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ತನಗೆ ಟಾರ್ಕ್ವೆಮಾಡಾ ಎಂದು ಹೆಸರಿಟ್ಟುಕೊಂಡಿದ್ದ. ಅದು ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸೆಗೆ ಗುರಿಮಾಡಿದ ಸ್ಪೇನಿನ ವಿಚಾರಣಾಧಿಕಾರಿಯೊಬ್ಬನ ಹೆಸರು. ಅವನ ನಂತರ ಬಂದ ಡೆರಿಕ್ ಸಾಮರ್‌ಸೆಟ್ ಮ್ಯಾಕ್ನಟ್ ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದ ಮೇಷ್ಟರು. ಅವರೂ ಕ್ಸಿಮೆನೆಸ್ ಎಂದು ಅಂತಹುದೇ ಒಂದು ಹೆಸರನ್ನು ಇಟ್ಟುಕೊಂಡರು. ಆದರೆ ಹಿಂಸೆಗೂ ಒಂದು ನಿಯಮವಿರಬೇಕೆಂದು ಪಟ್ಟುಹಿಡಿದರು. 1966ರಲ್ಲಿ ಪ್ರಕಟವಾದ ಅವರ ಪುಸ್ತಕದ ತಿರುಳು ಇಷ್ಟು: ಸುಳುಹಿನ ಒಂದು ಭಾಗ ಅರ್ಥವನ್ನು ನೇರವಾಗಿ ಹೇಳಬೇಕು, ಇನ್ನೊಂದು ಭಾಗ ಪದ ಕಟ್ಟಿಕೊಂಡ ಬಗೆಯನ್ನು ಪ್ರಾಮಾಣಿಕವಾಗಿ ತೋರಬೇಕು, ಮೂರನೆಯದೇನೂ ಅಲ್ಲಿ ಇರಕೂಡದು.

ಭಾರತದ ಆಲಂಕಾರಿಕರಿಗೆ ಇದು ಹೊಸ ಮಾತಲ್ಲ. ಸುಮಾರು ಏಳನೆಯ ಶತಮಾನದ ದಂಡಿ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಹೇಳಿದ್ದಾನೆ. ಕನ್ನಡದ ಕವಿರಾಜಮಾರ್ಗ ಹಲವೆಡೆ ಅನುಸರಿಸಿದ ಗ್ರಂಥ ಅದು. ಹಿಂದಿನವರು ಹದಿನಾಲ್ಕು ದುಷ್ಟ ಪ್ರಹೇಳಿಕೆಗಳನ್ನೂ ಹೇಳಿದ್ದರಂತೆ. ದೋಷಗಳನ್ನು ಎಣಿಸುತ್ತ ಕುಳಿತರೆ ಮುಗಿಯುವುದಿಲ್ಲ, ಒಳ್ಳೆಯವನ್ನೇ ಹೇಳುತ್ತೇನೆಂದು ದಂಡಿ ಅವನ್ನು ಬದಿಗೆ ಸರಿಸಿಬಿಟ್ಟ. ಧರ್ಮದಾಸನೆಂಬವನು ಒಗಟುಗಳಿಗಾಗಿಯೇ ಒಂದು ಗ್ರಂಥ ಬರೆದು ಅದಕ್ಕೆ ‘ವಿದಗ್ಧಮುಖಮಂಡನ’ ಎಂದು ಹೆಸರಿಟ್ಟ; ವಿದಗ್ಧರ ಬಾಯಿಗೆ ಒಡವೆಯಂತೆ. ಉತ್ತರ ಪದ್ಯದೊಳಗೇ ಅಡಗಿದ್ದರೆ ಅಂತರ್ಲಾಪ, ಹೊರಗಿನಿಂದ ತರಬೇಕಾದರೆ ಬಹಿರ್ಲಾಪ ಎಂದು ಅಂದಿನವರ ವಿಂಗಡಣೆ. ಇಂಗ್ಲಿಷ್ ಪದಬಂಧಕಾರರು ಎಷ್ಟೋ ಶತಮಾನಗಳ ಅನಂತರ ಇದೇ ಭೇದವನ್ನು ಬೇರೆ ಹೆಸರಿನಲ್ಲಿ ಕಂಡುಕೊಂಡರು.

ಪ್ರಹೇಳಿಕೆಯಿಂದ ಏನು ಪ್ರಯೋಜನ? ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಗುಟ್ಟು ಮಾತನಾಡುವುದಕ್ಕೆ, ಎದುರಾಳಿಯನ್ನು ದಿಕ್ಕುಗೆಡಿಸುವುದಕ್ಕೆ ಎಂದು ದಂಡಿಯ ಅಭಿಪ್ರಾಯ. ಇವುಗಳಲ್ಲಿ ನಡುವಣದು ಬರಿಯ ಮಾತಲ್ಲವೆಂದು ತೋರಿಸಲು 1942ರ ಜನವರಿಯ ಲಂಡನ್ ಬೇಕಾಯಿತು. ಅಲ್ಲಿಯ ‘ಡೈಲಿ ಟೆಲಿಗ್ರಾಫ್’ ತನ್ನ ಕಚೇರಿಯಲ್ಲಿಯೇ ಸ್ಪರ್ಧಿಗಳನ್ನು ಕೂರಿಸಿ, ಹನ್ನೆರಡು ನಿಮಿಷಗಳಲ್ಲಿ ಪದಬಂಧವನ್ನು ಬಿಡಿಸಿರೆಂದು ಪಂಥ ಕಟ್ಟಿತು. ಸ್ವಲ್ಪ ಕಾಲದ ಮೇಲೆ ಅಲ್ಲಿ ಕುಳಿತಿದ್ದವರಲ್ಲಿ ಕೆಲವರಿಗೆ ಗುಟ್ಟಾಗಿ ಕರೆ ಬಂತು. ಅವರು ಹೋಗಿ ಸೇರಿದ್ದು, ಜರ್ಮನರ ಗೂಢಲಿಪಿಯನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ. ಮೊಹರಿನೊಳಗಣ ಉತ್ತರವನ್ನು ಊಹಿಸುವವರಿಂದ ಆ ಕೆಲಸ ಆಗುತ್ತಿರಲಿಲ್ಲ.

ಕನ್ನಡದಲ್ಲಿ ಪದಬಂಧದ ಬೆಳೆ ಹುಲುಸಾಗಿದೆ. ಸಾವಿರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆಗಳ ಪುಸ್ತಕವನ್ನು ಸೇರಿದ ಎ.ಎನ್. ಪ್ರಹ್ಲಾದರಾವ್ ಅವರಂತಹವರು ಇಲ್ಲಿದ್ದಾರೆ. ಆದರೂ ಸುಳುಹೆಂದರೆ ಸಮಾನಾರ್ಥಕ ಪದವೇ ಎಂಬ ಅಭ್ಯಾಸ ಹಲವು ಕಡೆ ಉಳಿದುಕೊಂಡಿದೆ. ಇತರ ಪದಗಳ ವಿಷಯದಲ್ಲಿ ಹೇಗಾದರೂ ನಡೆದೀತು. ಬುದ್ಧಿವಂತನ ಹೆಸರುಗಳು ಸಾಲುಗಟ್ಟಿ ನಿಂತಿರುವಾಗ ಬರಿಯ ಸಮಾನಾರ್ಥಕ ಸಾಲದು. ಅಲ್ಲಿ ಶ್ಲೇಷೆ ಬೇಕು. ಶ್ಲೇಷೆಯೆಂದರೆ ತೊಡಕಿನ ಮೇಲೆ ತೊಡಕೆಂದು ಹೆದರುವವರು ಒಮ್ಮೆ ಪರೀಕ್ಷಿಸಿ ನೋಡಬೇಕು.

‘ಬಂದೂಕಿನ ತುದಿಗೆ ದಕಾರ ಸಿಕ್ಕಿಸಿದ ಬುದ್ಧಿವಂತ (3)’. ಕೋವಿಗೆ ‘ದ’ ಸೇರಿದರೆ ಕೋವಿದ. ಇನ್ನು ಹನ್ನೊಂದು ಮಂದಿಗೆ ಬಾಗಿಲು ಮುಚ್ಚಿತು. 2020ರಲ್ಲಿ ದಕಾರದ ಜಾಗಕ್ಕೆ ಒಂದು ಅರೆ ಡಕಾರ ಬಂದು ಕುಳಿತು ಲೋಕವನ್ನೆಲ್ಲ ಮನೆಯೊಳಗೆ ಕೂಡಿದ್ದನ್ನು ನೆನೆದರೆ ಒಂದು ಅಕ್ಷರದ ಬೆಲೆ ತಿಳಿದೀತು. ‘ಮೇ ತಿಂಗಳಲ್ಲಿ ಧಾವಿಸು ಎಂದರೆ ಕೊನೆಯ ಹೆಜ್ಜೆ ಇಡದ ಬುದ್ಧಿವಂತ (3)’. ‘ಧಾವಿಸು’ ಕೊನೆಯ ‘ಸು’ವನ್ನು ಕಳೆದುಕೊಂಡು ‘ಮೇ’ಯ ಹಿಂದೆ ನಿಂತರೆ ಮೇಧಾವಿ. ‘ಮಂಗಳನ ಮರುದಿನ ಬರುವ ವಿದ್ವಾಂಸ (2)’ ಎಂದರೆ ಶಾಲೆಯ ಹುಡುಗನೂ ಬುಧನೆಂದಾನು. ‘ಸೂರಿಲ್ಲದವನ ಮೊದಲೆರಡು ಹೆಜ್ಜೆಯಲ್ಲಿ ವಿದ್ವಾಂಸ (2)’: ಉತ್ತರ ಸೂರಿ. ಹಳೆಯ ಪಂಡಿತರ ಬಾಳು ಬಲ್ಲವರಿಗೆ ಇಲ್ಲಿ ನಗು ಬಂದು ಅರ್ಧದಲ್ಲಿ ನಿಂತೀತು.

ಜಾಣನಿಗೆ ಮಾತಿನ ಪೆಟ್ಟು, ಕೋಣನಿಗೆ ದೊಣ್ಣೆಪೆಟ್ಟು ಎಂಬ ಗಾದೆಯಿದೆಯಷ್ಟೆ. ಅದರ ಮೇಲೆ ಕಟ್ಟಬಹುದಾದ ಸುಳುಹು ‘ತಲೆ ಬದಲಾದ ಕೋಣ (2)’. ಕೇಳುವುದಕ್ಕೆ ಚೆಲುವಾಗಿದೆ, ಆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲದು. ಕೋಣನ ತಲೆ ತೆಗೆದು ‘ಜಾ’ ಇಟ್ಟರೆ ಜಾಣ. ‘ಬಾ’ ಇಟ್ಟರೆ ಬಾಣ. ‘ಪ್ರಾ’ ಇಟ್ಟರೆ ಪ್ರಾಣ. ಬಾಣನೂ ಕಾದಂಬರಿ ಬರೆದ ಮಹಾಕವಿ, ಅವನನ್ನು ಬುದ್ಧಿವಂತನಲ್ಲವೆಂದು ಹೊರಗೆ ಕಳಿಸುವುದು ಹೇಗೆ? ‘ತಲೆ ಬದಲಾದ ಕೋಣನಿಗೆ ಮಾತಿನ ಪೆಟ್ಟು ಸಾಕು (2)’ ಎಂದು ತಿದ್ದಿದರೆ ಮಾತ್ರ ಜಾಣನೊಬ್ಬನೇ ಉಳಿಯುತ್ತಾನೆ. ಮೂರು ಪದ ಹೆಚ್ಚಾಯಿತು, ಜೂಜು ತಪ್ಪಿತು.

ಎಡದಿಂದ ಬಲಕ್ಕೆ ಏಳನೆಯ ಪದ ಇನ್ನೂ ಖಾಲಿಯಿದೆ. ಅಡ್ಡ ಹಾಯುವ ಪದಗಳಿಂದ ಒಂದು ಅಕ್ಷರವೂ ಸಿಕ್ಕಿಲ್ಲವೆಂದೇ ಇಟ್ಟುಕೊಳ್ಳಬಹುದು. ಸುಳುಹನ್ನು ಮಾತ್ರ ಹೀಗೆ ತಿದ್ದಿ ಬರೆದಿದೆ: ‘ಲವ, ಕುಶ, ಲಕ್ಷ್ಮಣ ಸಾಲಾಗಿ ನಿಂತಾಗ ನಡುವೆ ಅಡಗಿದ ಬುದ್ಧಿವಂತ (3)’.